ಕಾಣಬಾರದ ಬೊಟ್ಟು

ಭದ್ರಾವತಿ ರೈಲ್ವೆ ಸ್ಟೇಷನ್ನಿನ ಹಿಂಬದಿಗೆ ಆಗ ಹೊನ್ನಯ್ಯನವರ ಇದ್ದಿಲು ಡಿಪೋ ಇತ್ತು. ಕಾಡಿನಿಂದ ಗಾಡಿಗಳಲ್ಲಿ ಬಂದ ಇದ್ದಿಲನ್ನು ಅಲ್ಲಿ ರಾಶಿ ಹಾಕಿ, ಜರಡಿ ಹಿಡಿದು, ಬುಟ್ಟಿಗೆ ತುಂಬಿ ಕಬ್ಬಿಣದ ಕಾರ್ಖಾನೆಗೆ ಕಳಿಸುತ್ತಿದ್ದರು. ಡಿಪೋದ ಬಾಗಿಲಲ್ಲೊಂದು ಹುಣಿಸೆಮರ, ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡು, ಅದರ ಕೆಳಗೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತವರು ಟೈಂ ಕೀಪರ್ ಮುರುಗೇಶಪ್ಪ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸುತ್ತಿಗೆಯಿಂದ ಕಂಬಿಗೆ ಮೂರು ಏಟು ಹಾಕುತ್ತಿದ್ದರು. ಮೂರನೆಯ ಏಟು ಬಿದ್ದ ಮೇಲೆ ಬಂದವನು ಸ್ವಂತ ತಮ್ಮನಾದರೂ ಆ ದಿನ ವಾಪಸ್ಸು ಮನೆಗೆ. ಡಿಪೋದ ಯಜಮಾನ ಹೊನ್ನಯ್ಯನವರೇ ಒಂದು ದಿನ ಏಳೂಕಾಲಿಗೆ ಬಂದಾಗ ಮುರುಗೇಶಪ್ಪ ಎದ್ದು ನಮಸ್ಕಾರ ಮಾಡಿ, ಜೇಬಿನ ಗಡಿಯಾರ ತೆಗೆದು ನೋಡಿ, ಮತ್ತೆ ಜೇಬಿಗಿಟ್ಟುಕೊಂಡರಂತೆ. ಮಾರನೆಯ ದಿನದಿಂದ ಯಜಮಾನರು ಆರೂವರೆಗೇ ಬರತೊಡಗಿದರು.

ಮನುಷ್ಯ ಕೆಟ್ಟವರಲ್ಲ. ಹಣೆತುಂಬ ವಿಭೂತಿ, ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ಬಿಳಿ ಪಂಚೆ. ಕೂಲಿಯವರ ಮನೆಯಲ್ಲಿ ಕಷ್ಟವೆಂದರೆ ತಮ್ಮ ಮನೆಯಿಂದ ಅಕ್ಕಿ ಕಳಿಸುತ್ತಿದ್ದರು. ಎರಡು ಸೇರು ಅಕ್ಕಿ ಕೊಟ್ಟಾರು, ಎರಡು ನಿಮಿಷ ಮಾತ್ರ ಕೊಡಲಾರರು ಎಂದು ಕೂಲಿಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಯಾರಾದರೂ ಗೋಗರೆದರೆ ಅವರ ಉತ್ತರ ಒಂದೇ, "ರೂಲ್ ಅಂದ್ರೆ ರೂಲ್ ಕಣಪ್ಪ."

ರಜೆಗೂ ಅವರು ತಾವೇ ಒಂದು ರೂಲ್ ಮಾಡಿದ್ದರು. ಅದು ಹೊನ್ನಯ್ಯನವರು ಹೇಳಿದ್ದಲ್ಲ, ಎಲ್ಲೂ ಬರೆದಿದ್ದಲ್ಲ. ಹಿಂದೆ ಒಬ್ಬ ತನ್ನ ಅಜ್ಜಿ ತೀರಿಕೊಂಡಳೆಂದು ಬೇರೆಯವರ ಕೈಲಿ ಹೇಳಿ ಕಳಿಸಿ ರಜ ಪಡೆದಿದ್ದ. ಅದೇ ಅಜ್ಜಿ ಎರಡು ವಾರ ಬಿಟ್ಟು ಡಿಪೋ ಬಾಗಿಲಿಗೇ ಮಜ್ಜಿಗೆ ಮಾರಲು ಬಂದಳು. ಆವತ್ತಿನಿಂದ ರಜ ಬೇಕಾದವನು ಖುದ್ದಾಗಿ, ಏಳರೊಳಗೆ, ಮುರುಗೇಶಪ್ಪನವರ ಎದುರು ನಿಂತು ಕೇಳಬೇಕು. ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಿದ್ದರು.

ಬುಟ್ಟಿ ಹೊರುವವರಲ್ಲಿ ಭೂತಪ್ಪ ಎಂಬ ಒಬ್ಬ ಆಳಿದ್ದ. ಇಪ್ಪತ್ತಾರು ವರ್ಷ, ಕಡ್ಡಿಯಂಥ ಮೈ, ಮಾತು ಕಡಿಮೆ. ಅವನ ಹೆಂಡತಿ ಸೀತಾಳಿಗೆ ಚಳಿಜ್ವರ ಹಿಡಿದು ಬಿಡಲೇ ಇಲ್ಲ. ಕ್ವಿನೈನ್ ನುಂಗಿಸಿದ್ದಾಯಿತು, ಕಷಾಯ ಕುಡಿಸಿದ್ದಾಯಿತು. ಕೊನೆಗೆ ದೊಡ್ಡ ಆಸ್ಪತ್ರೆ ಹತ್ತಿರವೆಂದು ಶಿವಮೊಗ್ಗದಲ್ಲಿ, ತುಂಗೆಯ ದಂಡೆಯ ಓಣಿಯಲ್ಲಿದ್ದ ಅವಳ ತಾಯಿ ಲಿಂಗಮ್ಮನ ಮನೆಗೆ ಅವಳನ್ನು ಸೇರಿಸಿದರು. ಸಂಜೆಯ ರೈಲು ಡಿಪೋದ ಕೆಲಸ ಬಿಡುವ ಮೊದಲೇ ಹೋಗಿಬಿಡುತ್ತಿತ್ತು, ಬೆಳಗಿನದು ಬರುವಾಗ ಒಂಬತ್ತು. ಹಾಗಾಗಿ ಭೂತಪ್ಪ ಸಂಜೆ ಓಡಿ ಶಿವಮೊಗ್ಗಕ್ಕೆ ಹೋಗುವುದು, ಬೆಳಿಗ್ಗೆ ಓಡಿ ಭದ್ರಾವತಿಗೆ ಬರುವುದು ಶುರುಮಾಡಿದ. ಹನ್ನೊಂದು ಮೈಲಿ. ಬರಿಗಾಲು.

ಮುರುಗೇಶಪ್ಪನವರಿಗೆ ಇದು ತಿಳಿದದ್ದು ಒಂದು ತಿಂಗಳ ಮೇಲೆ. ಏಳಕ್ಕೆ ಹತ್ತು ನಿಮಿಷ ಇರುವಾಗ ದಿನವೂ ಬೆವರು ಸುರಿಸಿಕೊಂಡು ಬರುತ್ತಾನಲ್ಲ ಎಂದು ಕೇಳಿದರು.

"ಎಲ್ಲಿಂದ ಬರ್ತೀಯೋ?"

"ಶಿವಮೊಗ್ಗದಿಂದ ಸ್ವಾಮಿ."

"ಯಾವ ಗಾಡೀಲಿ?"

"ಕಾಲಲ್ಲೇ ಸ್ವಾಮಿ."

ಮುರುಗೇಶಪ್ಪ ಅವನ ಮುಖ ನೋಡಿದರು. ಸುಳ್ಳು ಹೇಳುವವನ ಮುಖ ಅವರಿಗೆ ಚೆನ್ನಾಗಿ ಗೊತ್ತಿತ್ತು, ಇದು ಅದಲ್ಲ. "ಕೆನ್ನೆ ಮೇಲೆ ಇದ್ದಿಲು ಮೆತ್ತಿದೆ, ಒರಸ್ಕೋ," ಎಂದರು.

"ಇದ್ದಿಲಲ್ಲ ಸ್ವಾಮಿ, ಕಾಡಿಗೆ. ಹೊರಡೋವಾಗ ಸೀತಾ ಇಡ್ತಾಳೆ. ಓಡೋದನ್ನ ದಾರೀಲಿ ಜನ ನೋಡ್ತಾರಲ್ಲ, ಕಾಲಿಗೆ ದೃಷ್ಟಿ ಆಗುತ್ತೆ ಅಂತ."

"ದೃಷ್ಟಿಬೊಟ್ಟು ಇಡೋದು ಕೂಸಿಗೆ ಕಣೋ."

"ಅವಳಿಗೆ ನಾನೂ ಒಂದು ಕೂಸೇ ಬಿಡಿ."

ಆ ದಿನ ಮುರುಗೇಶಪ್ಪ ಮನೆಗೆ ಹೋಗಿ ಹೆಂಡತಿ ಜಲಜಮ್ಮನ ಹತ್ತಿರ ಇದನ್ನೇ ಎರಡೆರಡು ಸಲ ಹೇಳಿದರು. ಜ್ವರದಲ್ಲಿ ಏಳಲಾರದ ಹೆಂಗಸು ನಸುಕಿನಲ್ಲಿ ಕೈಯೂರಿ ಕೂತು, ಹರಳೆಣ್ಣೆ ದೀಪದ ಕಪ್ಪಿನಿಂದ ತಾನೇ ಮಾಡಿಟ್ಟ ಕಾಡಿಗೆಯನ್ನು ಗಂಡನ ಕೆನ್ನೆಗೆ ಹಚ್ಚಿ ಕಳಿಸುವುದು, ಆ ಗಂಡ ಹನ್ನೊಂದು ಮೈಲಿ ಓಡಿ ಬಂದು ಮತ್ತೆ ಹತ್ತು ಗಂಟೆ ಬುಟ್ಟಿ ಹೊರುವುದು. ಇಂಥದ್ದನ್ನು ಅವರು ಪುರಾಣದಲ್ಲಿ ಕೇಳಿದ್ದರೇ ಹೊರತು ತಮ್ಮ ಡಿಪೋದ ಬಾಗಿಲಲ್ಲಿ ಕಂಡಿರಲಿಲ್ಲ.

ಒಂದು ಬುಧವಾರ ಭೂತಪ್ಪ ಎಂದಿಗಿಂತ ಬೇಗ ಬಂದ. ಕೆನ್ನೆ ಬರಿದಾಗಿತ್ತು. ಒಳಗೆ ಹೋಗದೆ ಕುರ್ಚಿಯ ಎದುರು ಕೈಕಟ್ಟಿ ನಿಂತ.

"ಇವತ್ತು ರಜ ಬೇಕಿತ್ತು ಸ್ವಾಮಿ."

"ಯಾಕೋ?"

"ಸೀತಾ ಹೋದ್ಲು. ಬೆಳಗಿನ ಜಾವ. ಇನ್ನೂ ಎತ್ತಿಲ್ಲ."

ಮುರುಗೇಶಪ್ಪ ಕುರ್ಚಿಯಿಂದ ಎದ್ದುಬಿಟ್ಟರು. "ಹೆಣ ಮನೇಲಿ ಇಟ್ಕೊಂಡು ನೀನು ಇಲ್ಲಿಗೆ ಓಡಿ ಬಂದ್ಯಾ? ಯಾರ ಕೈಲಾದ್ರೂ ಹೇಳಿ ಕಳಿಸೋಕೇನಾಗಿತ್ತು ನಿಂಗೆ?"

"ನೀವೇ ಹೇಳಿದ್ರಲ್ಲ ಸ್ವಾಮಿ. ಖುದ್ದಾಗಿ ಬಂದು ಕೇಳ್ಬೇಕು ಅಂತ."

ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮುರುಗೇಶಪ್ಪ ಕೈಸನ್ನೆಯಿಂದ ಹೋಗೆಂದರು. ಅವನು ನಮಸ್ಕಾರ ಮಾಡಿ ಬಂದ ದಾರಿಯಲ್ಲೇ ತಿರುಗಿ ಓಡಿದ. ಆ ದಿನ ಡಿಪೋದ ಕಂಬಿಯ ಸದ್ದು ನಾಲ್ಕು ನಿಮಿಷ ತಡವಾಗಿ ಕೇಳಿಸಿತು. ಮಾರನೆಯ ದಿನದಿಂದ ರಜ ಬೇಕಾದವರು ಯಾರ ಕೈಲಾದರೂ ಹೇಳಿ ಕಳಿಸಬಹುದು ಎಂದಾಯಿತು. ಕೂಲಿಯವರು ಮುದುಕನಿಗೆ ಬುದ್ಧಿ ಬಂತು ಎಂದುಕೊಂಡರು. ಆದರೆ ಭೂತಪ್ಪನಿಗೆ ಒಂದು ಮಾತು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದರೂ ಮುರುಗೇಶಪ್ಪನವರಿಂದ ಆಗಲಿಲ್ಲ. ಅವನು ಬಾಗಿಲು ದಾಟುವಾಗಲೆಲ್ಲ ಅವರು ಗಡಿಯಾರ ನೋಡುತ್ತಿದ್ದರು.

ಕರ್ಮ ಮುಗಿಸಿ ಬಂದ ಮೇಲೂ ಭೂತಪ್ಪ ಓಡುವುದನ್ನು ಬಿಡಲಿಲ್ಲ. ಒಂಟಿಯಾದ ಲಿಂಗಮ್ಮನಿಗೆ ನೀರು, ಸೌದೆ ಯಾರು ನೋಡಬೇಕು? ಸೀತಾ ಬಿಟ್ಟುಹೋದ ಕಾಡಿಗೆ ಡಬ್ಬಿಯಿಂದ ಒಂಚೂರು ತೆಗೆದು ಬೆಳಿಗ್ಗೆ ತಾನೇ ಕೆನ್ನೆಗಿಟ್ಟುಕೊಂಡು ಹೊರಡುತ್ತಿದ್ದ. ತನಗೆ ತಾನೇ ದೃಷ್ಟಿಬೊಟ್ಟು ಇಟ್ಟುಕೊಳ್ಳುವುದು ಯಾವ ಊರ ಪದ್ಧತಿಯೋ ಮಾರಾಯ ಎಂದು ಜೊತೆಯವರು ಕಾಡಿಸಿದರೆ ಸುಮ್ಮನೆ ನಗುತ್ತಿದ್ದ.

ಇದೆಲ್ಲ ಆಗಿ ಎಂಟು ತಿಂಗಳಿಗೆ, ಅಂದರೆ ಮೂವತ್ತಾರನೆಯ ಇಸವಿಯ ಮಾಗಿಯಲ್ಲಿ, ಸಿಲೋನ್ ದೇಶದ ಓಟಗಾರರ ತಂಡವೊಂದು ಬೆಂಗಳೂರಿನ ಪಂದ್ಯಕ್ಕೆ ಬಂದದ್ದು ಹಾಗೇ ನಮ್ಮ ಕಡೆಗೂ ಬಂತು. ಶಿವಮೊಗ್ಗದ ಕ್ಲಬ್ಬಿನವರು ಅವರಿಗೂ ನಮ್ಮವರಿಗೂ ಒಂದು ರಸ್ತೆ ಓಟ ಇಟ್ಟರು. ತುಂಗೆಯ ಸೇತುವೆಯಿಂದ ಭದ್ರಾವತಿಯ ಮೈದಾನದವರೆಗೆ, ಅವರ ಕಡೆ ಐವರು, ನಮ್ಮ ಕಡೆ ಐವರು. ಹೊರದೇಶದವರ ಜೊತೆಗಿನ ಪಂದ್ಯ, ಲೆಕ್ಕ ತಪ್ಪಬಾರದು ಎಂದು ಹುಡುಕಿದಾಗ ಜಿಲ್ಲೆಯಲ್ಲಿ ನಂಬಿಕೆಗೆ ಅರ್ಹವಾದ ಗಡಿಯಾರ ಒಂದೇ ಸಿಕ್ಕಿತು. ಹೀಗೆ ಮುರುಗೇಶಪ್ಪ ಓಟದ ಟೈಂ ಕೀಪರ್ ಆದರು. ಹೊರಡುವ ಮೊದಲು ಓಟಗಾರರನ್ನು ತಪಾಸಣೆ ಮಾಡಿ ಸಹಿ ಹಾಕುವ ಕೆಲಸವೂ ಅವರದೇ. ಭೂತಪ್ಪನ ಹೆಸರನ್ನು ಕೊಟ್ಟವರೂ ಅವರೇ.

ರೂಲ್ ಪುಸ್ತಕವನ್ನು ಅವರು ಮೂರು ಸಲ ಓದಿದರು. ಒಂಬತ್ತನೆಯ ರೂಲಿಗೆ ಬಂದಾಗ ಮೂರು ಸಲವೂ ನಿಂತರು. ಕೊಟ್ಟ ನಂಬರು ಮತ್ತು ದೇಶದ ಬ್ಯಾಡ್ಜು ಬಿಟ್ಟು ಓಟಗಾರನ ಬಟ್ಟೆಯ ಮೇಲಾಗಲಿ ಮೈಮೇಲಾಗಲಿ ಯಾರ ಹೆಸರೂ, ಯಾರ ನೆನಪಿನ ಗುರುತೂ ಕಾಣುವಂತಿರಬಾರದು, ಇದ್ದರೆ ಅವನು ಪಂದ್ಯದಿಂದ ಹೊರಗೆ. ಹಿಂದೆ ಯಾವುದೋ ಪಂದ್ಯದಲ್ಲಿ ಒಂದು ದೇಶದವರು ಸತ್ತ ಮುಖಂಡನಿಗಾಗಿ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದು, ಇನ್ನೊಂದು ದೇಶದವರು ಓಡುವುದಿಲ್ಲವೆಂದು ಕೂತು, ದೊಡ್ಡ ರಂಪವಾಗಿತ್ತಂತೆ. ಹಣೆಯ ನಾಮ, ವಿಭೂತಿ ಮಾತ್ರ ಅವರವರ ಧರ್ಮ, ಅದಕ್ಕೆ ಅಡ್ಡಿಯಿಲ್ಲ.

ಓಟದ ಬೆಳಿಗ್ಗೆ ಸೇತುವೆಯ ಬಳಿ ಜನ ಕಿಕ್ಕಿರಿದಿತ್ತು. ಮದರಾಸಿನಿಂದ ಬಂದ ರೆಫರಿ ದೊರೆ ತನ್ನ ಮೋಟಾರಿಗೆ ಒರಗಿ ನಿಂತಿದ್ದ. ಮುರುಗೇಶಪ್ಪ ಸಾಲಿನ ಉದ್ದಕ್ಕೂ ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಸಿಲೋನಿನ ಕಡೆಯ ಉದ್ದನೆಯ ಯುವಕನೊಬ್ಬನ ತೋಳಿಗೆ ಕಪ್ಪು ಪಟ್ಟಿ ಇತ್ತು. ಯಾಕೆಂದು ಕೇಳಿದರು, ಭದ್ರಾವತಿಯ ತಮಿಳರ ಜೊತೆ ಕಲಿತ ಅರ್ಧಂಬರ್ಧ ತಮಿಳಿನಲ್ಲಿ. ಅಪ್ಪ ಹೋಗಿ ಇಪ್ಪತ್ತು ದಿನ ಎಂದ. ಮುರುಗೇಶಪ್ಪ ರೂಲ್ ಹೇಳಿದರು. ಅವನು ಪಟ್ಟಿ ಬಿಚ್ಚಿ ಮಡಿಸಿ ಕೈಯಲ್ಲಿ ಹಿಡಿದುಕೊಂಡ.

ಸಾಲಿನ ಕೊನೆಯಲ್ಲಿ ಭೂತಪ್ಪ ಇದ್ದ. ಕೆನ್ನೆಯ ಮೇಲೆ ಬೊಟ್ಟು ಇತ್ತು.

ನೋಡಿದವರಿಗೆ ಅದು ಇದ್ದಿಲಿನ ಮಸಿ. ದೊರೆಗಂತೂ ಕಾಣಿಸುವುದೇ ಇಲ್ಲ. ಅದು ಸತ್ತವಳ ನೆನಪಿನ ಗುರುತೆಂದು ಬಲ್ಲವರು ಆ ಸೇತುವೆಯ ಮೇಲೆ ಇಬ್ಬರೇ, ಅದರಲ್ಲಿ ಒಬ್ಬರು ಸಹಿ ಹಾಕಬೇಕಾದವರು. ಸುಮ್ಮನಿದ್ದುಬಿಡಲೇ ಎಂದು ಮುರುಗೇಶಪ್ಪನವರಿಗೆ ಅನಿಸಿತು. ಆದರೆ ಪಟ್ಟಿ ಬಿಚ್ಚಿದ ಆ ಯುವಕ ಇತ್ತಲೇ ನೋಡುತ್ತಿದ್ದ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಹಾಗಂತ ಭೂತಪ್ಪನಿಂದ ಇನ್ನೊಮ್ಮೆ ಸೀತಾಳನ್ನು ಕಿತ್ತುಕೊಳ್ಳಲು ಕೈ ಬರಬೇಕಲ್ಲ. ಬಗ್ಗಿ ಅವನಿಗೆ ರೂಲ್ ಹೇಳಿದರು. ಹೇಳಿ, ಜನ್ಮದಲ್ಲಿ ಆಡದ ಮಾತನ್ನು ಪಿಸುದನಿಯಲ್ಲಿ ಆಡಿದರು.

"ಅದನ್ನ ಹಣೆಗೆ ಇಟ್ಕೊಂಡ್ಬಿಡೋ. ದೇವರ ಬೊಟ್ಟು ಅಂತ ನಾನು ಹೇಳ್ತೀನಿ."

"ದೇವರದ್ದಲ್ಲ ಸ್ವಾಮಿ, ಸೀತಂದು. ಸುಳ್ಳು ಹೇಳಿ ಇಟ್ಕೊಂಡ್ರೆ ಅವಳಿಗೆ ಮುಟ್ಟಲ್ಲ."

ಹಾಗೆಂದವನೇ ಅಂಗೈಯಿಂದ ಕೆನ್ನೆ ಒರಸಿಕೊಂಡ. "ನಾನು ಓಡಲ್ಲ ಸ್ವಾಮಿ. ಬೊಟ್ಟಿಲ್ಲದೆ ಈ ದಾರೀಲಿ ಒಂದೇ ಸಲ ಓಡಿದ್ದು. ಇನ್ನೊಂದು ಸಲ ಆಗಲ್ಲ ನನ್ನ ಕೈಲಿ."

ಆ ಒಂದು ಸಲ ಯಾವುದೆಂದು ಮುರುಗೇಶಪ್ಪನವರಿಗೆ ಹೇಳಬೇಕಾಗಿರಲಿಲ್ಲ. ರೂಲ್ ಪುಸ್ತಕವನ್ನು ಮತ್ತೆ ತೆರೆದು ಒಂಬತ್ತನೆಯದನ್ನು ಬೆರಳಿಟ್ಟು ಓದಿದರು. ಕಾಣುವಂತಿರಬಾರದು. ಪುಸ್ತಕ ಮುಚ್ಚಿ, ನೆಟ್ಟಗೆ ದೊರೆಯ ಬಳಿ ಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲ ಕಥೆಯನ್ನೂ ಹೇಳಿ ಕೇಳಿದರು. ತೊಟ್ಟಿಲ ಕೂಸಿಗೆ ನಮ್ಮಲ್ಲಿ ಅಂಗಾಲಿಗೂ ಈ ಬೊಟ್ಟು ಇಡುತ್ತೇವೆ, ಅಂಗಾಲಿನ ಅಡಿ ಇದ್ದರೆ ಅದು ಕಂಡ ಹಾಗೋ ಕಾಣದ ಹಾಗೋ? ದೊರೆ ಪುಸ್ತಕ ನೋಡಿದ, ದೂರದಲ್ಲಿ ನಿಂತ ಭೂತಪ್ಪನನ್ನು ನೋಡಿದ. ನೆಲಕ್ಕೆ ಕಂಡರೆ ತನ್ನ ಅಭ್ಯಂತರವಿಲ್ಲ, ಆ ಪಟ್ಟಿಯವನೂ ಬೇಕಾದರೆ ಬೂಟಿನೊಳಗೆ ಇಟ್ಟುಕೊಳ್ಳಲಿ, ಆದರೆ ಐದು ನಿಮಿಷದಲ್ಲಿ ಶಿಳ್ಳೆ ಊದುತ್ತೇನೆ ಎಂದ.

ಸಿಲೋನಿನವನು ಮಾತು ಮುಗಿಯುವ ಮೊದಲೇ ಬೂಟು ಬಿಚ್ಚಲು ಕೂತ. ಭೂತಪ್ಪ ಮಾತ್ರ ತಲೆಯಾಡಿಸಿದ.

"ಅವಳ ಕಾಡಿಗೇನ ನಾನು ತುಳೀಲಾ ಸ್ವಾಮಿ?"

"ಸೀತಾ ಕಾಯ್ತಿದ್ದದ್ದು ನಿನ್ನ ಕೆನ್ನೇನಲ್ಲ ಮಾರಾಯ, ನಿನ್ನ ಕಾಲನ್ನ. ನೀನೇ ಹೇಳಿದ್ದೆ."

ಭೂತಪ್ಪ ತನ್ನ ಪಾದಗಳನ್ನು ನೋಡಿಕೊಂಡ. "ಕಾಲಿಗೆ ನಾನೇ ಇಟ್ಕೊಂಡ್ರೆ ತುಳಿದ ಹಾಗೇ," ಎಂದ. "ಇನ್ನೊಬ್ರು ಇಟ್ರೆ ಇಟ್ಟ ಹಾಗೆ. ಇಲ್ಲಿ ನನಗೆ ಯಾರಿದ್ದಾರೆ?"

"ಕೂತ್ಕೋ," ಎಂದರು ಮುರುಗೇಶಪ್ಪ.

ಸೇತುವೆಯ ಕಟ್ಟೆಯ ಮೇಲೆ ಅವನನ್ನು ಕೂರಿಸಿ, ಬಿಳಿ ಪಂಚೆ ಮಣ್ಣಾಗುವುದನ್ನೂ ನೋಡದೆ ರಸ್ತೆಯ ಮೇಲೆ ಮಂಡಿಯೂರಿದರು. ಜನ ಗುಜುಗುಜು ಎಂದಿತು. ವಿಭೂತಿ ಧರಿಸಿದ ಹಿರಿಯ ಮನುಷ್ಯ, ಊರಲ್ಲಿ ಮರ್ಯಾದೆ ಇದ್ದವರು, ಇದ್ದಿಲು ಹೊರುವವನ ಕಾಲು ಹಿಡಿದಿದ್ದಾರೆ. ನೋಡಲು ಬಂದಿದ್ದ ಹೊನ್ನಯ್ಯನವರು ಮುಖ ಅತ್ತ ತಿರುಗಿಸಿಕೊಂಡರು. ಮುರುಗೇಶಪ್ಪನವರಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಅವರು ಆ ಅಂಗಾಲನ್ನು ನೋಡುತ್ತಿದ್ದರು. ಹಿಮ್ಮಡಿ ಎತ್ತಿನ ಗೊರಸಿನಷ್ಟು ಗಟ್ಟಿ. ಬಿರುಕುಗಳೊಳಗೆ ರಸ್ತೆಯ ಕೆಂಪು ಮಣ್ಣು ಸೇರಿ ಚರ್ಮವೇ ಆಗಿಹೋಗಿತ್ತು. ಹಳೆಯ ಗಾಯ, ಅದರ ಮೇಲೆ ಹೊಸ ಗಾಯ. ಈ ಕಾಲು ದಿನಾ ತಮ್ಮ ಕಂಬಿಯ ಏಟಿಗೆ ಹೆದರಿ ಓಡಿ ಬಂದಿತ್ತು. ಅವರಿಗೆ ಗುಡಿಯ ಗರ್ಭಗುಡಿಯಲ್ಲಿ ನಿಂತಾಗ ಆಗುವಂಥ ಭಯವಾಯಿತು.

ಭೂತಪ್ಪ ಸೊಂಟದಿಂದ ಬಿಚ್ಚಿಕೊಟ್ಟ ಡಬ್ಬಿಯಿಂದ ಕಾಡಿಗೆ ತೆಗೆದು ಎರಡೂ ಅಂಗಾಲಿನ ಗುಳಿಯಲ್ಲಿ, ನೆಲ ತಾಗದ ಜಾಗದಲ್ಲಿ, ಒಂದೊಂದು ಬೊಟ್ಟು ಇಟ್ಟರು. ಇಟ್ಟಾದ ಮೇಲೂ ಕಾಲು ಬಿಡಲಿಲ್ಲ.

"ತಪ್ಪಾಯ್ತು ಕಣಪ್ಪ," ಎಂದರು. "ಆವತ್ತು ನಿನ್ನನ್ನ ಓಡಿಸಿದ್ದು ನನ್ನ ತಪ್ಪು. ಎಂಟು ತಿಂಗಳಿಂದ ಹೇಳೋಕಾಗಲಿಲ್ಲ."

ಭೂತಪ್ಪ ಏನೋ ಹೇಳಲು ಹೊರಟ. ಅಷ್ಟರಲ್ಲಿ ದೊರೆ ಶಿಳ್ಳೆ ಊದಿದ. ಅವನು ಡಬ್ಬಿಯನ್ನು ಅವರ ಕೈಯಲ್ಲೇ ಬಿಟ್ಟು ಸಾಲಿಗೆ ಓಡಿದ.

ಮುರುಗೇಶಪ್ಪನವರು ಸಹಿ ಹಾಕಿ ದೊರೆಯ ಮೋಟಾರು ಹತ್ತಿದರು. ಗಾಡಿ ಓಟಗಾರರ ಹಿಂದೆ ಹಿಂದೆ ನಿಧಾನವಾಗಿ ಬರುತ್ತಿತ್ತು. ಮೊದಲ ನಾಲ್ಕು ಮೈಲಿ ಭೂತಪ್ಪ ನಾಲ್ಕನೆಯವನು. ನಿದಿಗೆ ದಾಟಿದ ಮೇಲೆ ಅವನ ಓಟ ಬದಲಾಯಿತು. ವೇಗ ಹೆಚ್ಚಿತೆಂದು ಹೇಳಲಾಗದು, ಬೇರೆಯವರದ್ದು ಕಡಿಮೆಯಾಗುತ್ತ ಬಂತು, ಇವನದು ಇದ್ದಂತೆಯೇ ಇತ್ತು. ಎಲ್ಲಿ ಕಲ್ಲಿದೆ, ಎಲ್ಲಿ ಮರದ ನೆರಳಿದೆ, ಎಲ್ಲಿ ಏರು ಬರುತ್ತದೆ ಎಂದು ಆ ಕಾಲುಗಳಿಗೆ ಗೊತ್ತಿತ್ತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಪ್ರತಿ ಹೆಜ್ಜೆಗೂ ಅಂಗಾಲು ಹಿಂದಕ್ಕೆ ಮಗುಚಿದಾಗ ಕಪ್ಪು ಬೊಟ್ಟು ಒಂದು ಕ್ಷಣ ಕಾಣಿಸಿ ಮರೆಯಾಗುತ್ತಿತ್ತು. ಎಡದ್ದು, ಬಲದ್ದು, ಎಡದ್ದು. ದೊರೆಯೂ ಅದನ್ನೇ ನೋಡುತ್ತಿದ್ದ. ಹಿಂದೆ ಇದ್ದವರಿಗೆ ಕಾಣುತ್ತದಲ್ಲ ಎಂದು ಅವನೇನೂ ಅನ್ನಲಿಲ್ಲ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮುರುಗೇಶಪ್ಪನವರ ಕಣ್ಣು ತುಂಬಿ ಗಡಿಯಾರದ ಮುಳ್ಳು ಕಾಣದಾಯಿತು. ಒಬ್ಬ ಮನುಷ್ಯ ಹೀಗೂ ಇರಬಹುದೇ ಎಂಬ ಬೆರಗೊಂದೇ ಅವರ ಮನಸ್ಸಿನಲ್ಲಿ ಉಳಿಯಿತು.

ಮಾಚೇನಹಳ್ಳಿಯ ಹತ್ತಿರ ಅವನ ಮುಂದೆ ಇದ್ದವನು ಒಬ್ಬನೇ, ಬೂಟಿನಲ್ಲಿ ಅಪ್ಪನ ಪಟ್ಟಿ ಇಟ್ಟುಕೊಂಡವನು. ಕೊನೆಯವರೆಗೂ ಅವರಿಬ್ಬರೇ. ಊರು ಹತ್ತಿರವಾದಾಗ ಮೋಟಾರು ಅವರನ್ನು ದಾಟಿ ಮೊದಲೇ ಮೈದಾನ ಸೇರಿತು. ಮೈದಾನದ ದಾರ ಮುಟ್ಟುವಾಗ ಸಿಲೋನಿನವನು ಹತ್ತು ಹೆಜ್ಜೆ ಮುಂದಿದ್ದ. ಮುರುಗೇಶಪ್ಪ ಇಬ್ಬರ ಸಮಯವನ್ನೂ ಬರೆದುಕೊಂಡರು.

ಗೆದ್ದವನನ್ನು ಜನ ಹೆಗಲ ಮೇಲೆ ಹೊತ್ತುಕೊಂಡು ಹೋದರು. ಭೂತಪ್ಪ ಚೆಂಬು ನೀರು ಕುಡಿದು, ಉಸಿರು ಸರಿಯಾದ ಮೇಲೆ, ಮುರುಗೇಶಪ್ಪ ಕೂತಿದ್ದ ಮೇಜಿನ ಬಳಿ ಬಂದ. ಅವರು ಅಭ್ಯಾಸಬಲದಿಂದ ಗಡಿಯಾರ ನೋಡಿದರು.

"ಡಬ್ಬಿ ಕೊಡಿ ಸ್ವಾಮಿ."

ಕೊಟ್ಟರು. ತಳದಲ್ಲಿ ಇನ್ನೂ ಉಗುರಿನಷ್ಟು ಕಾಡಿಗೆ ಉಳಿದಿತ್ತು. ಭೂತಪ್ಪ ಅದನ್ನು ಬೆರಳಿನಿಂದ ಬಳಿದು ತೆಗೆದ.

"ಆವತ್ತಿನಿಂದ ನೀವು ನನ್ನ ಮುಖ ನೋಡಿಲ್ಲ. ಸ್ವಲ್ಪ ಈ ಕಡೆ ತಿರುಗಿ."

ಮುರುಗೇಶಪ್ಪ ತಿರುಗಿದರು. ಅವನು ಅವರ ಬಲಗೆನ್ನೆಯ ಮೇಲೆ, ಕಿವಿಯ ಪಕ್ಕಕ್ಕೆ, ಬೊಟ್ಟಿಟ್ಟು ಬೆರಳನ್ನು ಒಂದು ಕ್ಷಣ ಹಾಗೇ ಒತ್ತಿ ಹಿಡಿದ.

"ಒರಸ್ಕೋಬೇಡಿ," ಎಂದ. "ನಿಮಗೆ ರೂಲ್ ಇಲ್ಲ. ನೀವು ಓಡೋರಲ್ವಲ್ಲ."

ಮುರುಗೇಶಪ್ಪ ಬಜಾರಿನ ನಡುವೆಯೇ ಜನ್ನಾಪುರದ ಮನೆಗೆ ನಡೆದು ಹೋದರು. ಕೆನ್ನೆ ಕಂಡವರು ಬಾಯಿ ಮುಚ್ಚಿಕೊಂಡು ನಕ್ಕರು. ಬಾಗಿಲಲ್ಲೇ ಜಲಜಮ್ಮ ಎದುರಾದರು.

"ಇದೇನ್ರೀ ಕೂಸಿನ ಹಾಗೆ ಕೆನ್ನೆಗೆ ದೃಷ್ಟಿಬೊಟ್ಟು? ಯಾರು ಇಟ್ಟಿದ್ದು?"

ಮುರುಗೇಶಪ್ಪ ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ಮುಖವನ್ನು ಮಾತ್ರ ತೊಳೆಯದೆ ಒಳಗೆ ಬಂದರು.

"ಸೀತಾ," ಎಂದರು.